ನೋಟಿನ ಮೌನ, ಖಾತೆಯ ಬಾಯಿ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಹೊಟ್ಟೆಪಾಡಿಗೆ ಬಂದು ನೆಲೆಸಿರುವ ಈ ನಾಸಿಕ್ ರೋಡ್ ಹಣ ಹುಟ್ಟುವ ಊರು. 1925ರಲ್ಲಿ ಇಲ್ಲಿ ಸೆಕ್ಯುರಿಟಿ ಪ್ರೆಸ್ ಆರಂಭವಾಯಿತು. 1928ರಿಂದ ನೋಟುಗಳ ಅಚ್ಚೂ ಮೊದಲಾಯಿತು. ಅದಕ್ಕೆ ಮುಂಚೆ ನಮ್ಮ ನೋಟುಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. ಇಂದು ಇಲ್ಲಿಯೂ, ದೇವಾಸದಲ್ಲಿಯೂ, ನಮ್ಮ ಮೈಸೂರಿನಲ್ಲಿಯೂ, ಬಂಗಾಳದ ಸಾಲ್ಬನಿಯಲ್ಲಿಯೂ ನೋಟು ಅಚ್ಚಾಗುತ್ತವೆ. ಆದ್ದರಿಂದ ಹಣದ ಗುಟ್ಟು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲು ನಮ್ಮೂರಿಗಿಂತ ತಕ್ಕ ಸ್ಥಳ ಬೇರೆ ಬೇಕಿಲ್ಲ.

ನೋಟಿಗೆ ಒಂದು ದೊಡ್ಡ ಗುಣವುಂಟು. ಅದರ ಮೇಲೆ ನಂಬರು ಇರುತ್ತದೆ. ಆದರೆ ಅದು ಯಾರ ಜೇಬಿನಿಂದ ಯಾರ ಜೇಬಿಗೆ ಹೋಯಿತೆಂದು ಎಲ್ಲಿಯೂ ಬರೆದಿರುವುದಿಲ್ಲ. ಔಷಧದಂಗಡಿಯಲ್ಲಿ ಕೊಟ್ಟ ನೂರು ರೂಪಾಯಿ ನಮ್ಮ ಕಾಯಿಲೆಯನ್ನು ಹೇಳುವುದಿಲ್ಲ. ಲಂಚ ಕೊಟ್ಟ ಐನೂರು ರೂಪಾಯಿಯೂ ಅಷ್ಟೇ ಮೌನಿ. ಈ ಮೌನ ಸಜ್ಜನನಿಗೂ ಮರೆ, ಕಳ್ಳನಿಗೂ ಮರೆ.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಹಣ 2009ರ ಜನವರಿ 3ರಂದು ಹುಟ್ಟಿತು. ಅದೇ ಬಿಟ್‌ಕಾಯಿನ್. ಅದರ ಲೆಕ್ಕದ ಪುಸ್ತಕಕ್ಕೆ ಬ್ಲಾಕ್‌ಚೈನ್ ಎಂದು ಹೆಸರು. ನಮ್ಮಲ್ಲಿ ಗುಮಾಸ್ತರು ಬಹಳ ಮಂದಿ ಇದ್ದೀರಿ. ನಿಮ್ಮ ಭಾಷೆಯಲ್ಲೇ ಹೇಳುವುದಾದರೆ, ಅದು ಊರ ಚಾವಡಿಯಲ್ಲಿ ತೆರೆದಿಟ್ಟ ಕಿರ್ದಿ. ಲೋಕದ ಸಾವಿರಾರು ಯಂತ್ರಗಳಲ್ಲಿ ಅದರ ಪ್ರತಿಯುಂಟು. ಯಾರು ಬೇಕಾದರೂ ಓದಬಹುದು. ಬರೆದದ್ದನ್ನು ಗೀಚಿ ತಿದ್ದುವ ಹಾಗಿಲ್ಲ. ಹೆಸರಿನ ಜಾಗದಲ್ಲಿ ಮಾತ್ರ ಅಕ್ಷರವೂ ಅಂಕಿಯೂ ಬೆರೆತ ಉದ್ದನೆಯ ವಿಳಾಸವಿರುತ್ತದೆ. ಅಂದರೆ ಜನರೆಲ್ಲ ಮುಖವಾಡ ಹಾಕಿಕೊಂಡು ಬಯಲಿನಲ್ಲೇ ವ್ಯಾಪಾರ ಮಾಡಿದಂತೆ.

ಮುಖವಾಡ ಇದೆಯಲ್ಲ, ಭಯವೇನು ಎನ್ನಬಹುದು. ಭಯ ಇರುವುದೇ ಅಲ್ಲಿ. ಮುಖವಾಡ ಒಮ್ಮೆ ಕಳಚಿದರೆ ಅಂದಿನ ವ್ಯವಹಾರವೊಂದೇ ಅಲ್ಲ, ಆ ವಿಳಾಸದ ಹಿಂದಿನದೂ ಮುಂದಿನದೂ ಬಯಲಾಗುತ್ತದೆ. 2010ರ ಮೇ 22ರಂದು ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬರು ಎರಡು ಪಿಜ್ಜಾಗಳಿಗೆ 10,000 ಬಿಟ್‌ಕಾಯಿನ್ ಕೊಟ್ಟರು. ಆ ಕಲಮು ಇಂದಿಗೂ ಹಾಗೆಯೇ ಇದೆ, ಯಾರು ಬೇಕಾದರೂ ನೋಡಬಹುದು. ಇಂಥ ಪುಸ್ತಕದಲ್ಲಿ ನಮ್ಮ ಸಂಬಳ ಬಂದಿತೆನ್ನಿ. ಬಾಡಿಗೆ ಪಡೆದ ಮನೆಯ ಮಾಲೀಕನಿಗೆ ನಮ್ಮ ವಿಳಾಸ ತಿಳಿಯಿತು. ಆ ವಿಳಾಸದಿಂದ ಊರಿಗೆ ಕಳಿಸಿದ್ದೆಷ್ಟು, ಸಾಲ ತೀರಿಸಿದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನೆಲ್ಲ ಅವನು ಎಣಿಸಬಹುದು.

ತೆರೆದ ಕಿರ್ದಿಯಿಂದ ಲಾಭವಿಲ್ಲವೆ? ಖಂಡಿತ ಇದೆ. 2016ರಲ್ಲಿ ಬಿಟ್‌ಫಿನೆಕ್ಸ್ ಎಂಬ ವಿನಿಮಯ ಸಂಸ್ಥೆಯಿಂದ ಸುಮಾರು 1,19,000 ಬಿಟ್‌ಕಾಯಿನ್ ಕಳವಾದವು. ಐದು ವರ್ಷ ಕಳೆದರೂ ಕಳ್ಳರ ಹೆಜ್ಜೆ ಅಳಿಸಿರಲಿಲ್ಲ. 2022ರ ಫೆಬ್ರವರಿಯಲ್ಲಿ ಅಮೆರಿಕದ ಸರ್ಕಾರ ಅದರಲ್ಲಿ 94,000ಕ್ಕೂ ಮೇಲ್ಪಟ್ಟು ವಶಪಡಿಸಿಕೊಂಡಿತು. ನಮ್ಮ ದೇಶದಲ್ಲಿಯೂ 2023ರ ಮಾರ್ಚಿನಿಂದ ಇಂಥ ವಿನಿಮಯ ಸಂಸ್ಥೆಗಳು ಅಕ್ರಮ ಹಣ ತಡೆಯ ಕಾಯಿದೆಗೆ ಒಳಪಟ್ಟಿವೆ. ಗಿರಾಕಿಯ ಗುರುತು ಪಡೆಯಲೇಬೇಕು. ಮುಖವಾಡದ ಹಿಂದಿನ ಹೆಸರು ಅವರ ಕಡತದಲ್ಲಿರುತ್ತದೆ.

ಬಿಟ್‌ಕಾಯಿನ್ ನಮ್ಮಂಥವರ ಮನೆಗೆ ಬಂದಿಲ್ಲ, ಅದರ ಗೊಡವೆ ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಇದೇ ಪ್ರಶ್ನೆ ಬೇರೆ ವೇಷದಲ್ಲಿ ನಮ್ಮ ಬಾಗಿಲಿಗೆ ಎರಡು ಸಲ ಬಂದುಹೋಗಿದೆ.

ಮೊದಲನೆಯದು ಈ ಊರಿನದೇ. ಚುನಾವಣಾ ಬಾಂಡುಗಳು ಅಚ್ಚಾದದ್ದು ಇಲ್ಲಿಯ ಸೆಕ್ಯುರಿಟಿ ಪ್ರೆಸ್ಸಿನಲ್ಲಿ. 2018ರ ಜನವರಿಯಲ್ಲಿ ಯೋಜನೆ ಜಾರಿಗೆ ಬಂದಿತು. ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗಿನ ಬಾಂಡನ್ನು ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡಬಹುದಾಗಿತ್ತು. ಕೊಟ್ಟವರ ಹೆಸರು ಜನರಿಗೆ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣುವ ನಂಬರೂ ಇರಲಿಲ್ಲ. ಆದರೆ ಅತಿನೇರಳೆ ಬೆಳಕಿನಲ್ಲಿ ಹಿಡಿದರೆ ಒಂದು ಗುಪ್ತ ಸಂಖ್ಯೆ ಕಾಣುತ್ತದೆಂದು ಅದೇ ವರ್ಷ ಪತ್ರಕರ್ತೆಯೊಬ್ಬರು ಹೊರಗೆಡಹಿದರು. ಮತದಾರನಿಗೆ ಕತ್ತಲೆ, ಬ್ಯಾಂಕಿಗೆ ಮಾತ್ರ ಬೆಳಕು!

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಯೋಜನೆ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ಒಬ್ಬನ ರಾಜಕೀಯ ಒಲವು ಗೋಪ್ಯವಾಗಿರುವುದೂ ಹಕ್ಕೇ ಎಂದು ಪೀಠ ಒಪ್ಪಿತು. ಆದರೆ ಸರ್ಕಾರದ ನೀತಿಯನ್ನೇ ಬಗ್ಗಿಸಲು ಕೊಡುವ ಹಣಕ್ಕೆ ಆ ಮರೆ ಸಲ್ಲದು, ಮತದಾರನಿಗೆ ತಿಳಿಯುವ ಹಕ್ಕಿದೆ ಎಂದಿತು. 2019ರ ಏಪ್ರಿಲ್ 1ರಿಂದೀಚೆಗೆ 22,217 ಬಾಂಡುಗಳು ಮಾರಾಟವಾಗಿದ್ದವೆಂದು ಬ್ಯಾಂಕು ಲೆಕ್ಕ ಕೊಟ್ಟಿತು. ಕೊಂಡವರ ಪಟ್ಟಿ ಒಂದು, ಪಡೆದವರ ಪಟ್ಟಿ ಇನ್ನೊಂದು. ಎರಡನ್ನೂ ಹೊಂದಿಸಲು ಬೇಕಾದದ್ದು ಆ ಗುಪ್ತ ಸಂಖ್ಯೆ. ಕೋರ್ಟು ಅದನ್ನೂ ಕೇಳಿತು. ಮಾರ್ಚ್ 21ರಂದು ಎಲ್ಲವೂ ಬಯಲಿಗೆ ಬಂದಿತು.

ಎರಡನೆಯದು ನಮ್ಮ ನಾಡಿನದು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಆಧಾರವೆಂದರೆ ಯು.ಪಿ.ಐ. ಮೂಲಕ ಅವರಿಗೆ ಬಂದ ಹಣ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಆಗಬೇಕೆಂಬುದು ಕಾಯಿದೆ. ಇಲಾಖೆಗೆ ಕೇಳುವ ಅಧಿಕಾರವಿತ್ತು. ಆದರೆ ಒಂದೇ ಖಾತೆಯಲ್ಲಿ ಮಾರಾಟದ ಹಣ, ನೆಂಟರು ಕಳಿಸಿದ ಹಣ, ಕೈಗಡ, ಚೀಟಿಯ ಹಣ ಎಲ್ಲವೂ ಬೀಳುತ್ತವೆ. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರಿಗೂ ನೋಟಿಸು ಹೋಯಿತು. ಅಂಗಡಿಗಳಲ್ಲಿ ‘ಯು.ಪಿ.ಐ. ಇಲ್ಲ, ನಗದು ಮಾತ್ರ’ ಎಂಬ ಬೋರ್ಡು ತೂಗಾಡಿತು. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳೊಡನೆ ಮಾತನಾಡಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿರಿ ಎಂದರು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಕೋಟಿ ಕೊಟ್ಟವನ ಹೆಸರು ತಿಳಿಯಲು ದೇಶವೇ ಕೋರ್ಟಿನಲ್ಲಿ ವರ್ಷಗಟ್ಟಲೆ ಕಾಯಬೇಕಾಯಿತು. ಸೊಪ್ಪು ಮಾರುವವಳ ನಾಲ್ಕು ವರ್ಷದ ಲೆಕ್ಕ ಅವಳನ್ನು ಕೇಳದೆಯೇ ಕೈಗೆ ಸಿಕ್ಕಿತು. 2005ರ ಉದ್ಯೋಗ ಖಾತ್ರಿ ಕಾಯಿದೆಯಡಿ ಹಳ್ಳಿಯ ಕೂಲಿಕಾರನ ಹೆಸರು, ಹಾಜರಿ, ಕೂಲಿ ಎಲ್ಲವನ್ನೂ ಜಾಲದಲ್ಲಿ ಇಡಲಾಯಿತು. ಅದರಿಂದ ಸುಳ್ಳು ಹಾಜರಿ ಹಿಡಿಯಲು ಸಹಾಯವಾಯಿತು, ನಿಜ. ಆದರೂ ಬಡವನ ಪೆಟ್ಟಿಗೆಗೆ ಗಾಜಿನ ಬಾಗಿಲು, ಸಿರಿವಂತನ ಪೆಟ್ಟಿಗೆಗೆ ಉಕ್ಕಿನ ಬಾಗಿಲು ಎಂದಾದರೆ ಅದು ಪಾರದರ್ಶಕತೆಯಲ್ಲ.

‘ತಪ್ಪು ಮಾಡದವನಿಗೆ ಅಂಜಿಕೆ ಏಕೆ?’ ಎಂದು ಕೇಳುವವರುಂಟು. ಕಾಯಿಲೆ ತಪ್ಪಲ್ಲ, ಸಾಲ ತಪ್ಪಲ್ಲ, ಗಂಡ ಬಿಟ್ಟ ತಂಗಿಗೆ ತಿಂಗಳಿಗಿಷ್ಟೆಂದು ಕಳಿಸುವುದು ತಪ್ಪಲ್ಲ. ಆದರೂ ಇವನ್ನು ಊರಿಗೆಲ್ಲ ಸಾರುತ್ತೇವೆಯೆ? ಕಾರ್ಮಿಕನ ಮೇಲೆ ಎಷ್ಟು ಸಾಲವಿದೆ, ಯೂನಿಯನ್ನಿಗೆ ಎಷ್ಟು ವರ್ಗಣಿ ಕೊಡುತ್ತಾನೆ ಎಂಬುದು ಧಣಿಗೆ ತಿಳಿದರೆ, ಇವನು ಎಷ್ಟು ದಿನ ಮುಷ್ಕರ ತಾಳಿಯಾನು ಎಂಬುದನ್ನೂ ಧಣಿ ಲೆಕ್ಕ ಹಾಕುತ್ತಾನೆ. ಗುಟ್ಟು ಎಂಬುದು ದುರ್ಬಲನ ಆಯುಧ.

ಈ ಹಕ್ಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದವರು ಕನ್ನಡ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಕಾಯಿದೆಯ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಅಗತ್ಯಕ್ಕಿಂತ ಹೆಚ್ಚು ಇಣುಕಬಾರದು.

ನಮ್ಮ ಮಟ್ಟಿಗೆ ಅಳತೆಗೋಲು ಇದು: ಯಾರ ಹಣ ಇತರರ ಬದುಕನ್ನು ಆಳುತ್ತದೆಯೋ ಅವರ ಲೆಕ್ಕ ಬಯಲಿನಲ್ಲಿರಲಿ, ಯಾರ ಹಣ ಅವರ ಮನೆಯನ್ನಷ್ಟೇ ಸಾಕುತ್ತದೆಯೋ ಅವರ ಲೆಕ್ಕ ಮನೆಯಲ್ಲಿರಲಿ. ಪಕ್ಷಗಳಿಗೆ 20,000 ರೂಪಾಯಿ ಮೀರದ ದೇಣಿಗೆ ಕೊಟ್ಟವರ ಹೆಸರು ವರದಿಯಲ್ಲಿ ಬೇಕಿಲ್ಲವೆಂಬ ನಿಯಮದಲ್ಲಿಯೂ ಈ ವಿವೇಕವೇ ಇದೆ. ಆದರೆ ದೊಡ್ಡ ಮೊತ್ತವನ್ನು ತುಂಡುಮಾಡಿ ಆ ಕಿಂಡಿಯಲ್ಲಿ ತೂರಿಸದಂತೆ ಕಾವಲು ಬೇಕು.

ಕೈಲಾಗುವ ಕೆಲಸವನ್ನೂ ಹೇಳಿ ಮುಗಿಸುತ್ತೇವೆ. ಬದಿಯಲ್ಲಿ ಸಣ್ಣ ವ್ಯಾಪಾರ ಮಾಡುವವರು ಅದಕ್ಕೊಂದು ಖಾತೆ, ಮನೆಗೊಂದು ಖಾತೆ ಬೇರೆಯಾಗಿಡಿ. ಬಂದ ಹಣ ಯಾವ ಬಾಬ್ತಿನದೆಂದು ಅಂದಂದೇ ಬರೆದಿಡಿ. ಪಾಸ್‌ಬುಕ್ಕಿನ ಹಾಳೆಯನ್ನು ಕೇಳಿದವರಿಗೆಲ್ಲ ಫೋನಿನಲ್ಲಿ ಕಳಿಸಬೇಡಿ. ಯಾತಕ್ಕೆಂದು ಮೊದಲು ಕೇಳಿ. ಬಿಟ್‌ಕಾಯಿನ್ನಿನಲ್ಲಿ ಎಲ್ಲವೂ ಗುಪ್ತ ಎಂದು ಆಸೆ ತೋರಿಸುವವರನ್ನು ನಂಬಬೇಡಿ. ಇನ್ನು ನಮ್ಮಂಥ ಸಂಘಗಳ ಜಮಾಖರ್ಚು ಪೈಸೆಪೈಸೆಯೂ ಗೋಡೆಯ ಮೇಲಿರಲಿ. ಹತ್ತು ರೂಪಾಯಿ ಕೊಟ್ಟವನ ಹೆಸರನ್ನು ಮಾತ್ರ, ಅವನು ಬಯಸಿದ ಹೊರತು, ಗೋಡೆಗೆ ಹಚ್ಚುವುದು ಬೇಡ. ಅವನ ರಸೀದಿ ಅವನ ಜೇಬಿನಲ್ಲಿರಲಿ.