ತೋಟಕ್ಕೆ ಮಾಡುವ ಆರೈಕೆ ಮೈಗೂ ಇರಲಿ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕೃಷಿಕರಿಗೆ ಮಳೆ ಬಿಸಿಲಿನ ಲೆಕ್ಕವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಬಿಸು ಬಂದರೆ ಗದ್ದೆಯ ಯೋಚನೆ, ಪತ್ತನಾಜೆ ಕಳೆದರೆ ಮಳೆಯ ಯೋಚನೆ. ಅಡಿಕೆ ಇದ್ದವರು ಮಳೆ ಹಿಡಿಯುವ ಮೊದಲೇ ಗೊನೆಗೆ ಬೋರ್ಡೊ ದ್ರಾವಣ ಬಿಡುತ್ತಾರೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನಲ್ವತ್ತು ನಲ್ವತ್ತೈದು ದಿನ ಕಳೆದ ಮೇಲೆ ಮತ್ತೊಮ್ಮೆ. ವಿಟ್ಲದಲ್ಲಿ ೧೯೫೬ರಿಂದ ಅಡಿಕೆ ಸಂಶೋಧನೆ ನಡೆಯುತ್ತ ಬಂದಿದೆ. ಅಲ್ಲಿಯವರು ಹೇಳುವುದೂ ಇದನ್ನೇ. ಕೊಳೆರೋಗ ಹಿಡಿದ ಮೇಲೆ ಓಡಾಡುವುದಕ್ಕಿಂತ ಹಿಡಿಯುವ ಮೊದಲು ಮಾಡುವ ಕೆಲಸ ದೊಡ್ಡದು.

ಮರಕ್ಕೆ ಇಷ್ಟೆಲ್ಲ ಮುಂದಾಲೋಚನೆ ಮಾಡುವ ನಾವು ನಮ್ಮ ಮೈಗೆ ಏನು ಮಾಡುತ್ತೇವೆ? ಜ್ವರ ಬಂದರೆ “ನಾಳೆ ನೋಡುವ, ಮದ್ದು ಬಿಟ್ಟು ಮುಗಿಯಲಿ” ಎನ್ನುತ್ತೇವೆ. ಅಂಗಡಿಯಿಂದ ಒಂದು ನೋವಿನ ಗುಳಿಗೆ ತಂದು ನುಂಗಿ ಮತ್ತೆ ತೋಟಕ್ಕಿಳಿಯುತ್ತೇವೆ. ಈ “ನಾಳೆ ನೋಡುವ” ಎಂಬ ಮಾತು ಎಷ್ಟೋ ಮನೆಗಳಲ್ಲಿ ದುಡಿಯುವ ಕೈಯನ್ನೇ ಕಿತ್ತುಕೊಂಡಿದೆ. ಆದ್ದರಿಂದ ಈ ದಿನ, ವರ್ಷದ ಮೂರು ಕಾಲಗಳಲ್ಲಿಯೂ ಮೈ ಮನಸ್ಸು ಹಗುರವಾಗಿರಲು ಮಾಡಿಕೊಳ್ಳಬೇಕಾದ ಕೆಲವು ಸಣ್ಣ ಅಭ್ಯಾಸಗಳನ್ನು ನಿಮ್ಮ ಮುಂದಿಡುತ್ತೇನೆ. ಇವುಗಳಿಗೆ ಹೆಚ್ಚು ದುಡ್ಡು ಬೇಡ. ದಿನಕ್ಕೆ ಸ್ವಲ್ಪ ಹೊತ್ತು, ಸ್ವಲ್ಪ ನೆನಪು ಬೇಕು, ಅಷ್ಟೆ.

ಮೊದಲು ಮಳೆಗಾಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ೩,೫೦೦ ಮಿಲಿಮೀಟರಿಗಿಂತ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಈ ನಾಲ್ಕು ತಿಂಗಳು ರೈತನ ಕಾಲು ಒಣಗುವುದೇ ಇಲ್ಲ. ಬೆರಳ ಸಂದಿ ಹುಣ್ಣಾಗುತ್ತದೆ, ಹಿಮ್ಮಡಿ ಒಡೆಯುತ್ತದೆ. ಆ ಒಡಕೇ ಇಲಿಜ್ವರಕ್ಕೆ ತೆರೆದ ಬಾಗಿಲು. ಇಲಿ ಹೆಗ್ಗಣಗಳ ಮೂತ್ರ ಗದ್ದೆಯ ನೀರಿಗೂ ತೋಟದ ಕೆಸರಿಗೂ ಸೇರುತ್ತದೆ. ಅದರಲ್ಲಿರುವ ರೋಗಾಣು ಗಾಯದ ಮೂಲಕ ರಕ್ತಕ್ಕೆ ಹೋಗುತ್ತದೆ. ದನದ ಮೂತ್ರದಲ್ಲಿಯೂ ಇದು ಇರಬಹುದು. ಆದುದರಿಂದ ಹಟ್ಟಿ ತೊಳೆಯುವ ಅಕ್ಕಂದಿರೂ ಬರಿಗಾಲಿನಲ್ಲಿ ಹೋಗಬಾರದು. ಗಮ್‌ಬೂಟು ಗಂಡಸರಿಗೆ ಮಾತ್ರ ಎಂದು ಯಾರು ಹೇಳಿದ್ದು?

ಮಾಡಬೇಕಾದ್ದು ಇಷ್ಟು. ತೋಟದಿಂದ ಬಂದೊಡನೆ ಸಾಬೂನು ಹಾಕಿ ಕಾಲು ತೊಳೆಯಿರಿ. ಬೆರಳ ಸಂದಿಯನ್ನು ಒಣ ಬಟ್ಟೆಯಿಂದ ಒರೆಸಿರಿ. ರಾತ್ರಿ ಮಲಗುವ ಮುಂಚೆ ಅಂಗಾಲಿಗೆ, ಹಿಮ್ಮಡಿಗೆ ತೆಂಗಿನೆಣ್ಣೆ ಹಚ್ಚಿರಿ. ಗಾಯವಿದ್ದರೆ ನೀರು ತಾಗದ ಹಾಗೆ ಮುಚ್ಚಿಕೊಂಡೇ ಕೆಸರಿಗಿಳಿಯಿರಿ. ಮೈ ಸುಡುವ ಜ್ವರ, ತಲೆನೋವು, ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು, ಇವು ಇಲಿಜ್ವರದ ಗುರುತುಗಳು. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ ರೋಗ ಪಿತ್ತಜನಕಾಂಗಕ್ಕೂ ಮೂತ್ರಪಿಂಡಕ್ಕೂ ಏರಿತೆಂದು ತಿಳಿಯಿರಿ. ಮೊದಲ ದಿನಗಳಲ್ಲೇ ವೈದ್ಯರ ಬಳಿಗೆ ಹೋದರೆ ಸಾಮಾನ್ಯ ಮದ್ದಿನಿಂದಲೇ ಗುಣವಾಗುವ ಜ್ವರವಿದು. ತಡಮಾಡಿದರೆ ಜೀವಕ್ಕೇ ಕುತ್ತು. ಹೋದಾಗ “ನಾನು ಕೆಸರಿನಲ್ಲಿ ಕೆಲಸ ಮಾಡುವವ” ಎಂದು ಬಾಯಿಬಿಟ್ಟು ಹೇಳಿರಿ. ಆ ಒಂದು ಮಾತಿನಿಂದ ವೈದ್ಯರಿಗೆ ಅರ್ಧ ದಾರಿ ಸಿಕ್ಕಿದ ಹಾಗೆ.

ಎರಡನೆಯದು ಸೊಳ್ಳೆ. ಡೆಂಗಿ ತರುವ ಸೊಳ್ಳೆ ಚರಂಡಿಯದಲ್ಲ, ಚೊಕ್ಕ ನೀರಿನದು. ಹಗಲು ಕಚ್ಚುವಂಥದು. ನಮ್ಮ ತೋಟದಲ್ಲಿ ಅದಕ್ಕೆ ಮನೆಗಳು ಬೇಕಾದಷ್ಟು ಉಂಟು. ಬಿದ್ದ ಅಡಿಕೆ ಹಾಳೆಯ ಗುಳಿ, ತೆಂಗಿನ ಗೆರಟೆ, ಒಡೆದ ಕೊಕ್ಕೊ ಕಾಯಿಯ ಸಿಪ್ಪೆ, ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರದ ಚಿರಟೆ, ಅಂಗಳದ ಹಳೆ ಟಯರು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಹಾಗಾದರೆ ವಾರಕ್ಕೊಮ್ಮೆ ಆ ನೀರು ಚೆಲ್ಲಿದರೆ ಸೊಳ್ಳೆ ಹುಟ್ಟುವುದು ಹೇಗೆ? ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಒಂದು ಸುತ್ತು ಬನ್ನಿ. ಗೆರಟೆ ಚಿರಟೆಗಳನ್ನು ಕವುಚಿ ಹಾಕಿ, ಹಾಳೆಗಳನ್ನು ಮಾಡಿನಡಿಗೆ ಸೇರಿಸಿ. ಡೆಂಗಿಯ ಸಂಶಯವಿರುವಾಗ ಪ್ಯಾರಾಸಿಟಮಾಲ್ ಅಲ್ಲದೆ ಬೇರೆ ನೋವಿನ ಗುಳಿಗೆಯನ್ನು ನಿಮ್ಮಷ್ಟಕ್ಕೆ ನುಂಗಬೇಡಿ. ಕೆಲವು ಗುಳಿಗೆಗಳಿಂದ ರಕ್ತಸ್ರಾವ ಹೆಚ್ಚುತ್ತದೆ.

ಮೂರನೆಯದು ಕುಡಿಯುವ ನೀರು. ಹೊಸ ಮಳೆಯ ನೀರು ಬಾವಿಗಿಳಿದಾಗ ಮೇಲಿನ ಕೊಳೆಯೂ ಇಳಿಯುತ್ತದೆ. ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ಒಂದು ತುಂಡು ಶುಂಠಿಯನ್ನೋ ಜೀರಿಗೆಯನ್ನೋ ಹಾಕಿದರೆ ಮಕ್ಕಳೂ ಇಷ್ಟಪಟ್ಟು ಕುಡಿಯುತ್ತಾರೆ. ಬಾವಿಗೆ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಸಾವಿರ ಲೀಟರ್ ನೀರಿಗೆ ಸುಮಾರು ಎರಡೂವರೆ ಗ್ರಾಂ ಲೆಕ್ಕದಲ್ಲಿ ಬಕೆಟಿನಲ್ಲಿ ಕದಡಿ, ತಿಳಿಯನ್ನು ರಾತ್ರಿ ಹೊತ್ತು ಹಾಕಿದರೆ ಬೆಳಗ್ಗೆ ಸೇದಬಹುದು. ೧೯೭೪ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಗೆ ನುಗ್ಗಿದ್ದನ್ನೂ, ೨೦೧೯ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಚಾರ್ಮಾಡಿ ಕಡೆ ನೆರೆ ಬಂದದ್ದನ್ನೂ ನೀವು ಬಲ್ಲಿರಿ. ನೆರೆನೀರು ಹೊಕ್ಕ ಬಾವಿಗೆ ಈ ಲೆಕ್ಕ ಸಾಲದು. ಆರೋಗ್ಯ ಕಾರ್ಯಕರ್ತೆಯನ್ನು ಕರೆದು ಶುದ್ಧಮಾಡಿಸದೆ ಅದನ್ನು ಕುಡಿಯಲೇಬೇಡಿ.

ಇನ್ನು ಆಟಿಯ ಮಾತು. ಹಿಂದೆ ಆಟಿಯೆಂದರೆ ಅಟ್ಟದ ಅಕ್ಕಿ ಮುಗಿಯುವ ತಿಂಗಳು. ಆಗ ಹಿರಿಯರು ಕೆಸುವಿನೆಲೆಯ ಪತ್ರೊಡೆ, ತಗಟೆ ಸೊಪ್ಪು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ಕಣಿಲೆ, ಇವುಗಳಿಂದ ದಿನ ತೆಗೆದರು. ಇಂದು ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ. ಆದರೂ ಸೊಪ್ಪು ಬೀಜಗಳ ಈ ಊಟ ಬಿಡುವಂಥದಲ್ಲ. ಕಣಿಲೆಯನ್ನು ಮಾತ್ರ ಕೊಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತ ನೆನೆಹಾಕಿ, ಚೆನ್ನಾಗಿ ಬೇಯಿಸಿ ತಿನ್ನಿ. ಹಸಿ ಕಣಿಲೆಯಲ್ಲಿ ವಿಷದ ಅಂಶ ಉಂಟು.

ಆಟಿ ಅಮಾವಾಸ್ಯೆಯಂದು ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುತ್ತಾರೆ. ಪದ್ಧತಿ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಬೆಳಕು ಹರಿಯುವ ಮೊದಲು ಕತ್ತಲೆಯಲ್ಲಿ ಕೆತ್ತೆ ತರುವಾಗ ಮರ ತಪ್ಪಬಾರದು, ಮಾರಾಯರೆ! ಕಾಸರಕದ ಕೆತ್ತೆ ಬಂದುಬಿಟ್ಟರೆ ಅದು ಕಡುವಿಷ. ಮೈ ಸೆಟೆದು ಪ್ರಾಣ ಹೋಗುತ್ತದೆ. ಪಾಲೆಯ ಗೆಲ್ಲಿನ ಸುತ್ತ ಏಳೇಳರಂತೆ ಎಲೆಗಳು, ಗಾಯ ಮಾಡಿದರೆ ಹಾಲು. ಕಾಸರಕದ ಎಲೆಗಳು ಎರಡೆರಡಾಗಿ ಎದುರು ಬದುರು, ಹಣ್ಣು ಕಿತ್ತಳೆ ಬಣ್ಣದ ಉಂಡೆ. ಹಿಂದಿನ ದಿನವೇ ಹಗಲಿನಲ್ಲಿ, ಬಲ್ಲ ಹಿರಿಯರನ್ನು ಕರೆದುಕೊಂಡು ಹೋಗಿ ಮರಕ್ಕೆ ಗುರುತು ಕಟ್ಟಿ ಬನ್ನಿ. ಗುರುತಿಲ್ಲದ ಕೆತ್ತೆಯನ್ನು ಯಾರು ಕೊಟ್ಟರೂ ಕಾಯಿಸಬೇಡಿ. ಸಣ್ಣ ಮಕ್ಕಳಿಗೂ ಬಸುರಿಯರಿಗೂ ಕಷಾಯ ಬೇಡ. ಮೆಂತೆ ಗಂಜಿ ಸಾಕು.

ಮಳೆಗಾಲದ ರಾತ್ರಿ ಟಾರ್ಚು ಇಲ್ಲದೆ ಹಟ್ಟಿಗೂ ಹೋಗಬೇಡಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಕಚ್ಚಿದ ಅಂಗ ಅಲುಗಾಡದ ಹಾಗೆ ನೋಡಿಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ. ೧೦೮ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಮಾತ್ರ ಉಂಟು.

ದೀಪಾವಳಿಯ ಎಣ್ಣೆಸ್ನಾನ ಮುಗಿಯಿತೆಂದರೆ ನಮಗೆ ಎರಡನೆಯ ಕಾಲ. ಅಡಿಕೆ ಕೊಯ್ಲು, ಅಂಗಳದ ತುಂಬ ಅಡಿಕೆ, ಗುಡ್ಡೆಯಿಂದ ಹಟ್ಟಿಗೆ ತರಗೆಲೆ. ಈ ತರಗೆಲೆಯಲ್ಲಿಯೇ ಒಂದು ಅಪಾಯ ಉಂಟು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ, ೧೯೮೨-೮೩ರ ಹೊತ್ತಿಗೆ ನಮ್ಮ ಬೆಳ್ತಂಗಡಿ ತಾಲೂಕಿಗೂ ಬಂದು ಅನೇಕ ಜೀವಗಳನ್ನು ತೆಗೆಯಿತು. ನಿಡ್ಲೆ, ಪಟ್ರಮೆ ಕಡೆಯ ಹಿರಿಯರನ್ನು ಕೇಳಿ ನೋಡಿ. ಅದನ್ನು ಹರಡುವುದು ಕಾಡಿನ ಉಣ್ಣೆ ಹುಳ. ಡಿಸೆಂಬರಿನಿಂದ ಮೇ ತನಕ ಇದರ ಕಾಟ ಹೆಚ್ಚು. ಆದ್ದರಿಂದ ತರಗೆಲೆಗೆ, ಸೌದೆಗೆ ಹೋಗುವಾಗ ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಇರಲಿ. ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಮೀಯಿರಿ. ಕಂಕುಳು, ಕಿವಿಯ ಹಿಂದೆ, ಮೊಣಕಾಲ ಸಂದಿ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ. ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಇದೇ ಕಾಲದಲ್ಲಿ ಬಯಲಾಟ, ಕೋಲ, ಕಂಬಳ. ಮೂಡುಬಿದಿರೆಯ ಕಡಲಕೆರೆ ಕಂಬಳಕ್ಕೆ ಹೋದವರು ಮರುದಿನ ಬೆಳಗ್ಗೆ ಮನೆಗೆ ಬರುವುದೂ ಉಂಟು. ನೋಡಿ, ಸಂತೋಷಪಡಿ. ದಣಿದ ಮನಸ್ಸಿಗೆ ಅದಕ್ಕಿಂತ ಒಳ್ಳೆಯ ಮದ್ದು ಯಾವುದು? ಆದರೆ ನಿದ್ದೆಗೆಟ್ಟ ಬೆಳಗ್ಗೆ ಅಡಿಕೆ ಮರ ಹತ್ತಬೇಡಿ, ಹುಲ್ಲು ಕೊಚ್ಚುವ ಯಂತ್ರ ಹಿಡಿಯಬೇಡಿ, ಬೈಕು ಓಡಿಸಬೇಡಿ. ಅರ್ಧ ದಿನದ ಕೊಯ್ಲು ನಾಳೆಗೆ ನಿಲ್ಲಬಹುದು. ಮುರಿದ ಬೆನ್ನು ಸರಿಯಾಗುವುದು ಕಷ್ಟ. ಆದರೆ ನೆಲದಲ್ಲಿ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಈಗ ಬಂದಿದೆ. ಒಬ್ಬರಿಗೆ ಕೊಳ್ಳಲು ಭಾರವಾದರೆ ನಾಲ್ಕು ಮನೆಯವರು ಸೇರಿ ಕೊಳ್ಳಬಹುದು.

ಮೂರನೆಯದು ಬೇಸಗೆ. ಮಾರ್ಚಿನಿಂದ ಮೇ ತನಕ ಬಿಸಿಲೂ ಹೌದು, ಸೆಕೆಯೂ ಹೌದು. ಕಡಲ ಕಡೆಯ ತೇವದ ಗಾಳಿಗೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಆದುದರಿಂದ ಭಾರದ ಕೆಲಸವನ್ನು ಬೆಳಗ್ಗೆ ಆರರಿಂದ ಹತ್ತರೊಳಗೆ ಮುಗಿಸಿ, ಮತ್ತೆ ನಾಲ್ಕರ ಮೇಲೆ ಹಿಡಿಯಿರಿ. ಬಾಯಾರುವವರೆಗೆ ಕಾಯದೆ ಗಳಿಗೆಗೊಮ್ಮೆ ನೀರು ಕುಡಿಯಿರಿ. ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿತಿಳಿ, ಮಜ್ಜಿಗೆ, ಪುನರ್ಪುಳಿ ಪಾನಕ, ಬೊಂಡ, ಇವೆಲ್ಲ ಮನೆಯಲ್ಲೇ ಇರುವಾಗ ಪೇಟೆಯ ಬಣ್ಣದ ನೀರು ಯಾಕೆ? ತಲೆ ತಿರುಗಿದರೆ, ವಾಕರಿಕೆ ಬಂದರೆ ಕೂಡಲೇ ನೆರಳಿಗೆ ಬಂದು ಮೈಗೆ ನೀರು ಹಾಕಿಕೊಳ್ಳಿ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಆಸ್ಪತ್ರೆಗೆ ಓಡಬೇಕು.

ಎಲ್ಲ ಕಾಲಕ್ಕೂ ಸಲ್ಲುವ ಎರಡು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು ಸ್ವಲ್ಪ ಕಹಿ. ದಣಿವಾರಲೆಂದು ನಾವು ಎಲೆಯಡಿಕೆ ಹಾಕುತ್ತೇವೆ. ಅಡಿಕೆ ನಮಗೆ ಅನ್ನ ಕೊಡುವ ಬೆಳೆ. ಆದರೂ ಸತ್ಯ ಹೇಳಬೇಕಲ್ಲ? ಹೊಗೆಸೊಪ್ಪು ಸೇರಿದ ತಾಂಬೂಲ ಬಾಯಿಯ ಕ್ಯಾನ್ಸರಿಗೆ ಕಾರಣ. ಹೊಗೆಸೊಪ್ಪು ಇಲ್ಲದಿದ್ದರೂ ಅಪಾಯವುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು ೨೦೦೩ರಲ್ಲಿ ನಿರ್ಣಯಿಸಿದ್ದಾರೆ. ಹೊಗೆಸೊಪ್ಪನ್ನು ಇಂದೇ ಬಿಡಿ, ಉಳಿದದ್ದನ್ನು ದಿನದಿನಕ್ಕೆ ಕಡಿಮೆ ಮಾಡಿ. ಬಾಯೊಳಗೆ ಬಿಳಿ ಕಲೆ, ಆರದ ಹುಣ್ಣು, ಬಾಯಿ ತೆರೆಯಲು ಕಷ್ಟ, ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತೋರಿಸಿ.

ಎರಡನೆಯದು ಮನಸ್ಸಿನ ಮಾತು. ಕೊಳೆರೋಗ, ಎಲೆಚುಕ್ಕಿ ರೋಗ, ಸೊಸೈಟಿಯ ಸಾಲ, ಮಗಳ ಮದುವೆ, ಯೋಚನೆಗೆ ಕೊನೆಯಿಲ್ಲ. ಯೋಚನೆ ಒಳಗೇ ಉಳಿದರೆ ನಿಂತ ನೀರಿನಂತೆ ಬೇರು ಕೊಳೆಸುತ್ತದೆ. ತೋಟಕ್ಕೆ ಬಸಿಗಾಲುವೆ ತೆಗೆಯುವ ನಾವು ಮನಸ್ಸಿಗೂ ಒಂದು ಬಸಿಗಾಲುವೆ ಇಟ್ಟುಕೊಳ್ಳಬೇಕು. ಸಂಜೆ ಬಿಸಿನೀರಿನಲ್ಲಿ ಮಿಂದು, ಜಗಲಿಯಲ್ಲಿ ಮನೆಮಂದಿಯೊಡನೆ ಅರ್ಧ ಗಂಟೆ ಕುಳಿತು ಮಾತಾಡಿ. ಆಗ ಫೋನು ಒಳಗಿರಲಿ. ಅಮ್ಮಂದಿರು ಎಲ್ಲರ ಕೊನೆಗೆ ಉಳಿದದ್ದನ್ನು ಉಣ್ಣುವ ರೂಢಿ ಬಿಟ್ಟು ಎಲ್ಲರೂ ಜೊತೆಗೆ ಉಣ್ಣಿರಿ. ಏಳು ಗಂಟೆ ನಿದ್ದೆ ಮಾಡಿ. ನಿದ್ದೆಯೇ ಬಾರದೆ, ಬದುಕೇ ಬೇಡವೆನಿಸುವಷ್ಟು ಬೇಸರವಾದರೆ ಮುಚ್ಚಿಡಬೇಡಿ. ೧೪೪೧೬ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲಿಯೇ, ಹಗಲು ರಾತ್ರಿ ಸಲಹೆ ಸಿಗುತ್ತದೆ. ಮೈಗೆ ಜ್ವರ ಬರುವ ಹಾಗೆ ಮನಸ್ಸಿಗೂ ಬರುತ್ತದೆ; ನಾಚಿಕೆಪಡುವಂಥದು ಏನೂ ಇಲ್ಲ.

ಬಾಂಧವರೆ, ಕಾಲು ಒಣಗಿರಲಿ, ಗೆರಟೆ ಕವುಚಿರಲಿ, ನೀರು ಕುದಿದಿರಲಿ, ಗುಡ್ಡೆಯಿಂದ ಬಂದ ಬಟ್ಟೆ ಬಿಸಿನೀರಿಗೆ ಬೀಳಲಿ, ನಡುಹಗಲು ನೆರಳಿನಲ್ಲಿ ಕಳೆಯಲಿ. ಜ್ವರ ಬಂದ ದಿನ ಮಾತ್ರ “ನಾಳೆ ನೋಡುವ” ಎನ್ನಬೇಡಿ. ಅಡಿಕೆ ಮರ ಒಂದು ಹೋದರೆ ಅದೇ ಗುಂಡಿಗೆ ಇನ್ನೊಂದು ಸಸಿ ಇಡಬಹುದು. ಮನೆಯ ಯಜಮಾನ ಹೋದರೆ, ಮನೆಯ ಅಮ್ಮ ಹೋದರೆ ಆ ಜಾಗಕ್ಕೆ ಇಡುವ ಸಸಿ ಯಾವ ನರ್ಸರಿಯಲ್ಲಿಯೂ ಸಿಗುವುದಿಲ್ಲ.

ನಿಮ್ಮೆಲ್ಲರ ಮನೆಯಲ್ಲಿ ಬೆಳೆಯೂ ಆರೋಗ್ಯವೂ ಕೂಡಿ ಬೆಳೆಯಲಿ.