ಗುಳೆ, ಕೌಶಲ ಮತ್ತು ನಂಜುಂಡಪ್ಪ ವರದಿ



ಅಲ್ಲಾಳಸಂದ್ರವು ಹಿಂದೆ ಬೆಂಗಳೂರಿನ ಹೊರಗಿದ್ದ ಕೆರೆಯ ಊರು. ಹೆಸರಿನ ಕೊನೆಯ ‘ಸಂದ್ರ’ ಎಂಬುದೇ ಸಮುದ್ರದಂಥ ಕೆರೆಯನ್ನು ಸೂಚಿಸುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಬಳಿಕ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿ ಬಹುಮಹಡಿ ಕಟ್ಟಡಗಳು ವೇಗವಾಗಿ ಎದ್ದವು. ಉತ್ತರ ಬೆಂಗಳೂರಿನ ಇಂಥ ಕಟ್ಟಡಗಳಿಗೆ ಕಂಬಿ ಕಟ್ಟಿದವರಲ್ಲಿ, ಗಾರೆ ಹೊತ್ತವರಲ್ಲಿ ಬಿಹಾರ, ಒಡಿಶಾದವರಂತೆಯೇ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದವರೂ ಇದ್ದಾರೆ. ಅವರು ಊರು ತೊರೆದುದೇಕೆ?

ಈ ಪ್ರಶ್ನೆಯ ಬೇರನ್ನು ಹುಡುಕಿದವರಲ್ಲಿ ಪ್ರೊ. ಡಿ.ಎಂ. ನಂಜುಂಡಪ್ಪನವರು ಪ್ರಮುಖರು. ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ, ಕರ್ನಾಟಕ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಾಗಿ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿ ದುಡಿದ ಅವರು, 2000ದಲ್ಲಿ ರಚಿತವಾದ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿಯ ಅಧ್ಯಕ್ಷರಾದರು. ಜಿಲ್ಲೆಯ ಸರಾಸರಿಯು ಬಡ ತಾಲ್ಲೂಕನ್ನು ಮರೆಮಾಚುತ್ತದೆ ಎಂಬುದನ್ನು ಮನಗಂಡು ಸಮಿತಿಯು ತಾಲ್ಲೂಕನ್ನೇ ಅಳತೆಯ ಘಟಕವಾಗಿಸಿತು. ಕೃಷಿ, ಶಿಕ್ಷಣ, ಆರೋಗ್ಯ, ಸಾಲ ಸೌಲಭ್ಯ ಮೊದಲಾದ 35 ಸೂಚಕಗಳಿಂದ ಅಳೆದಾಗ, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 26 ಉತ್ತರ ಕರ್ನಾಟಕದವು. 2002ರ ವರದಿಯು ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸೂಚಿಸಿತು. 2005ರಲ್ಲಿ ನಂಜುಂಡಪ್ಪನವರು ತೀರಿಕೊಂಡರು. ಯೋಜನೆ ಆರಂಭವಾದದ್ದು 2007–08ರಲ್ಲಿ.

ಈ ವರದಿಯಿಂದ ಮಲೆನಾಡು ಕಲಿಯಬೇಕಾದುದೇನು? ಗುಳೆಯು ಜನರ ಚಪಲದಿಂದ ಹುಟ್ಟಿದುದಲ್ಲ; ನೀರು, ಶಾಲೆ, ಸಾಲಗಳ ಕೊರತೆಯಿಂದ ಹುಟ್ಟಿದುದು. ಆದ್ದರಿಂದ ಕೌಶಲ ತರಬೇತಿಯೊಂದೇ ಅದಕ್ಕೆ ಮದ್ದಾಗಲಾರದು. ಊರಿನಲ್ಲಿ ಕೆಲಸವಿಲ್ಲದೆ ಕೊಟ್ಟ ಪ್ರಮಾಣಪತ್ರವು ಬಸ್ಸಿನ ಟಿಕೇಟಾಗಿಬಿಡುತ್ತದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆಯೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಕೂಡಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ಬೇರೆ ದಾರಿ ಹಿಡಿಯಿತು: ಉಚಿತ ವಸತಿ ತರಬೇತಿಯ ಜೊತೆಗೆ ಬ್ಯಾಂಕಿನ ಸಾಲದ ನಂಟು, ನೌಕರಿಯ ಬದಲು ಸ್ವಉದ್ಯೋಗ. ಮುಂದೆ ಕೇಂದ್ರ ಸರ್ಕಾರವು ಇದೇ ಮಾದರಿಯನ್ನು ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು.

ಘಟ್ಟದ ಊರುಗಳ ಸ್ಥಿತಿ ಗಮನಿಸಿ. ಇಲ್ಲಿ ಕೆಲಸವಿದೆ, ಕೈಗಳಿಲ್ಲ. ಕೊನೆಗೌಡರಿಗೆ ವಯಸ್ಸಾಗಿದೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವವರು ಸಿಗುವುದಿಲ್ಲ, ಅವರ ಮಕ್ಕಳು ನಗರದಲ್ಲಿ ಕಾವಲುಗಾರರಾಗಿದ್ದಾರೆ. ಮರವೇರುವ ವಿದ್ಯೆ ನಿಜವಾದ ಕೌಶಲ. ಅದಕ್ಕೆ ವಿಮೆಯಿಲ್ಲ, ವರ್ಷವಿಡೀ ಕೂಲಿಯಿಲ್ಲ, ಮರ್ಯಾದೆಯೂ ಕಡಿಮೆ. ಈ ಮೂರನ್ನು ಸರಿಪಡಿಸದೆ ಯುವಕರನ್ನು ದೂರುವುದು ನ್ಯಾಯವಲ್ಲ. ಹೋಗುವವರು ಹೋಗಲಿ, ಕಲಿಯಲಿ. ಆದರೆ ಉಳಿಯಬಯಸುವವರಿಗೆ ಉಳಿಯುವ ದಾರಿಯಿರಬೇಕು.

ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಎತ್ತಬಹುದು. ಈ ವರ್ಷ ಊರು ಬಿಟ್ಟವರೆಷ್ಟು? ಊರಿನಲ್ಲಿ ಬಾಕಿ ಉಳಿದ ಕೆಲಸಗಳು ಯಾವುವು? ಅವುಗಳಿಗೆ ತರಬೇತಿ, ವಿಮೆ, ಕೂಲಿ ದೊರಕಿಸುವವರು ಯಾರು? ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಈ ಲೆಕ್ಕ ಬರೆಯಲಿ. ನಂಜುಂಡಪ್ಪನವರು ತಾಲ್ಲೂಕಿಗೆ ಹಿಡಿದ ಅಳತೆಗೋಲನ್ನು ಗ್ರಾಮಕ್ಕೆ ಹಿಡಿಯುವ ಕೆಲಸ ಇನ್ನು ಗ್ರಾಮಸ್ಥರದು.