ಬಿಡಿಭಾಗದ ಬೀಗದ ಕೈ ಯಾರ ಬಳಿ?

(ಬೆಂಗಳೂರು ಚಾಮರಾಜಪೇಟೆಯಲ್ಲಿ ಕಾರ್ಮಿಕರು, ವಾಹನ ಚಾಲಕರು ಹಾಗೂ ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮೋಟಾರು ಕಾರಿನ ಬಿಡಿಭಾಗದ ವಿಚಾರವನ್ನು ಸಮಾಜವಾದಿಗಳ ಸಭೆಯಲ್ಲಿ ಎತ್ತಿಕೊಂಡದ್ದೇಕೆಂದು ಕೆಲವರು ಕೇಳಿದ್ದಾರೆ. ಕಾರು ಇಟ್ಟವನು ಉಳ್ಳವನು, ಅವನ ತಾಪತ್ರಯ ನಮಗೇಕೆ ಎಂಬುದು ಅವರ ಪ್ರಶ್ನೆ. ಒಂದು ಕಾಲಕ್ಕೆ ಈ ಪ್ರಶ್ನೆ ಸರಿಯಾಗಿತ್ತು. ಇಂದು ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ಬೆಳಗಿನ ನಾಲ್ಕಕ್ಕೇ ಕಾರು ಹೊರಡಿಸುವವನು ಯಾರು? ಸಾಲ ಮಾಡಿ ಗಾಡಿ ಕೊಂಡು, ಬಾಡಿಗೆ ಹೊಡೆದು, ತಿಂಗಳ ಕಂತು ಕಟ್ಟಿ, ಉಳಿದುದರಲ್ಲಿ ಮನೆ ನಡೆಸುವವನು. ಮಲ್ಲೇಶ್ವರದ ರಾಜಾ ಮಿಲ್ಲು ಇದ್ದ ಜಾಗದಲ್ಲಿ ಈಗ ದೊಡ್ಡ ಮಾಲ್ ನಿಂತಿದೆ. ಗಿರಣಿಯಲ್ಲಿ ದುಡಿದವರ ಮಕ್ಕಳು ಕೆಲವರು ಇಂದು ಸ್ಟೀರಿಂಗ್ ಹಿಡಿದಿದ್ದಾರೆ, ಕೆಲವರು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಿದ್ದಾರೆ. ಅಪ್ಪನಿಗೆ ಮಗ್ಗ ಹೇಗೋ ಮಗನಿಗೆ ಕಾರು ಹಾಗೆ. ಅದು ನಿಂತರೆ ಒಲೆಯೂ ನಿಲ್ಲುತ್ತದೆ.

ನಮ್ಮ ಸಂಗಾತಿಯೊಬ್ಬರ ಅನುಭವವನ್ನೇ ಮೊದಲು ಹೇಳುತ್ತೇವೆ. ಗಾಂಧಿಬಜಾರಿನ ಇಕ್ಕಟ್ಟಿನಲ್ಲಿ ಇನ್ನೊಂದು ಗಾಡಿ ತಾಗಿ ಅವರ ಕಾರಿನ ಪಕ್ಕದ ಕನ್ನಡಿಯ ಗಾಜು ಒಡೆಯಿತು. ಅಧಿಕೃತ ಡೀಲರ ಬಳಿಗೆ ಹೋದರೆ, “ಗಾಜು ಮಾತ್ರ ಬರುವುದಿಲ್ಲ, ಇಡೀ ಕನ್ನಡಿಯನ್ನೇ ಹಾಕಿಸಬೇಕು, ತರಿಸಲು ಆರು ದಿನ ಹಿಡಿಯುತ್ತದೆ” ಎಂಬ ಉತ್ತರ ಬಂತು. ಆರು ದಿನ ಬಾಡಿಗೆಯಿಲ್ಲದೆ ಕೂತರೆ ಕಂತು ಕಟ್ಟುವವರು ಯಾರು? ಅವರು ಜೆ.ಸಿ. ರಸ್ತೆಗೆ ಬಂದರು. ಅರ್ಧ ಗಂಟೆಯಲ್ಲಿ ಗಾಜು ಸಿಕ್ಕಿತು, ಕೂರಿಸಿಯೂ ಕೊಟ್ಟರು. ಆದ ಖರ್ಚು ಡೀಲರು ಹೇಳಿದ್ದರ ಹತ್ತನೆಯ ಒಂದು ಪಾಲೂ ಅಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಮ್ಮ ಭಾಷಣವೂ ಇಲ್ಲಿಗೇ ಮುಗಿಯುತ್ತಿತ್ತು. ಮರುವರ್ಷ ಅದೇ ಸಂಗಾತಿ ಅದೇ ನಂಬಿಕೆಯಿಂದ ಒಂದು ಸಂದಿಯ ಅಂಗಡಿಯಲ್ಲಿ ಬ್ರೇಕ್ ಪ್ಯಾಡ್ ಕೊಂಡರು. ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿತ್ತು, ಆದರೆ ಬಿಲ್ಲಿರಲಿಲ್ಲ. ಎರಡೇ ತಿಂಗಳಿಗೆ ಪ್ಯಾಡ್ ಸವೆದು ಡಿಸ್ಕನ್ನೇ ಕೊರೆದುಹಾಕಿತು. ಕೇಳಲು ಹೋದರೆ, “ಈ ಮಾಲು ನಮ್ಮದಲ್ಲ” ಎಂದುಬಿಟ್ಟರು. ಇಳಿಜಾರಿನಲ್ಲಿ ಕೈಕೊಡದೆ ಹೋದದ್ದು ಪುಣ್ಯ. ಅತ್ತ ದರಿ, ಇತ್ತ ಪುಲಿ. ದುಡಿಯುವವನು ಎತ್ತ ಹೋಗಬೇಕು?

ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಬಿಡಿಭಾಗ ಹುಟ್ಟುವುದು ಎಲ್ಲಿ ಎಂಬುದನ್ನು ಮೊದಲು ನೋಡಬೇಕು. ಕಾರಿಗೆ ಹೆಸರಿಡುವ ಕಂಪನಿ ಅದರ ಎಲ್ಲ ಭಾಗಗಳನ್ನೂ ತಾನೇ ಮಾಡುವುದಿಲ್ಲ. ಪ್ಲಗ್ಗು, ಫಿಲ್ಟರು, ಕ್ಲಚ್ ಪ್ಲೇಟು, ಬೇರಿಂಗು, ದೀಪ, ಬ್ಯಾಟರಿ ಮುಂತಾದ ಬಹುಪಾಲು ಭಾಗಗಳು ಬೇರೆ ಕಾರ್ಖಾನೆಗಳಲ್ಲಿ ಬೇರೆ ಕಾರ್ಮಿಕರ ಕೈಯಲ್ಲಿ ತಯಾರಾಗುತ್ತವೆ. ನಮ್ಮೂರಿನದೇ ನಿದರ್ಶನವಿದೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆಯನ್ನು ತಿಳಿಯದವರು ಇಲ್ಲಿ ಯಾರಿದ್ದಾರೆ? 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಅಲ್ಲಿನ ಕಾರ್ಮಿಕರು ಮಾಡಿದ ಸ್ಪಾರ್ಕ್ ಪ್ಲಗ್ಗು ಕಾರು ಕಂಪನಿಗೂ ಹೋಯಿತು, ಮೈಕೋ ಎಂಬ ತನ್ನದೇ ಹೆಸರಿನಲ್ಲಿ ಅಂಗಡಿಗೂ ಬಂತು. ಯಾವ ಡೀಲರ ಅಪ್ಪಣೆಯೂ ಬೇಡದೆ ಊರೂರಿನ ಮೆಕ್ಯಾನಿಕ್ ಅದನ್ನು ಕೊಂಡು ಹಾಕಿದ. ಭಾಗ ಮಾಡಿದವನು ತನ್ನ ಹೆಸರಿನಲ್ಲೇ ಅದನ್ನು ಬಹಿರಂಗವಾಗಿ ಮಾರುವುದು ವ್ಯಾಪಾರದ ನ್ಯಾಯವಾದ ದಾರಿ.

ಆ ದಾರಿಗೆ ಬೇಲಿ ಬಿದ್ದದ್ದು ಹೇಗೆ? ಅಂಬಾಸಡರ್ ಕಾಲವನ್ನು ನೆನೆಯಿರಿ. ಆ ಕಾರನ್ನು ಹಾಡಿ ಹೊಗಳುವ ಅಗತ್ಯವಿಲ್ಲ. ಅದಕ್ಕಾಗಿ ಜನ ವರ್ಷಗಟ್ಟಲೆ ಕಾದದ್ದೂ ಉಂಟು. ಆದರೆ ಒಮ್ಮೆ ಕೈಗೆ ಬಂದಮೇಲೆ ಅದು ಕೊಂಡವನ ಕಾರು. ಮರದಡಿಯ ಮೆಕ್ಯಾನಿಕ್ ಅದನ್ನು ಬಿಚ್ಚಿ ಜೋಡಿಸುತ್ತಿದ್ದ, ಭಾಗಗಳು ಅಂಗಡಿಯಲ್ಲಿ ಸಿಗುತ್ತಿದ್ದವು. ಪುರಭವನದಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆ, ಅದರ ಬಗಲಿನ ಕಲಾಸಿಪಾಳ್ಯ, ಇವು ಬಿಡಿಭಾಗಗಳ ಪೇಟೆಯಾಗಿ ಬೆಳೆದದ್ದು ಇಂಥ ಬಹಿರಂಗ ವ್ಯಾಪಾರದಿಂದ. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಅದಕ್ಕೆ ಬಹಳ ಮುಂಚೆಯೇ ಹೊಸ ಕಾರುಗಳ ಜತೆಗೆ ಹೊಸ ಪದ್ಧತಿ ಬಂದಿತ್ತು. ಕಾರು ಕಂಪನಿಗಳು ಬಿಡಿಭಾಗ ತಯಾರಕರಿಂದ ಕರಾರು ಬರೆಸಿಕೊಂಡವು: ನಮಗೆ ಕೊಡುವ ಭಾಗವನ್ನು ಹೊರಗೆ ಮಾರಕೂಡದು. ಡೀಲರುಗಳಿಂದಲೂ ಬರೆಸಿಕೊಂಡವು: ಹೊರಗಿನ ಗ್ಯಾರೇಜಿಗೆ ಭಾಗ ಕೊಡಕೂಡದು. ಕೊಂಡವನಿಗೂ ಹೆದರಿಕೆ ಹಾಕಿದವು: ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಹೋಗುತ್ತದೆ.

ಇದು ನಾವು ಕಟ್ಟಿದ ಆರೋಪವಲ್ಲ. 2011ರಲ್ಲಿ ಒಬ್ಬ ನಾಗರಿಕರು ಕೊಟ್ಟ ದೂರಿನ ಮೇಲೆ ಭಾರತ ಸ್ಪರ್ಧಾ ಆಯೋಗ ತನಿಖೆ ಮಾಡಿಸಿತು. ತನಿಖೆ 17 ಕಾರು ಕಂಪನಿಗಳವರೆಗೆ ಹಬ್ಬಿತು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳು ತಪ್ಪಿತಸ್ಥರೆಂದು ತೀರ್ಮಾನಿಸಿ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ನಮ್ಮ ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೋಟಾ ಕಿರ್ಲೋಸ್ಕರ್, ದೇಶದ ಮನೆಮಾತಾದ ಮಾರುತಿ, ಟಾಟಾ, ಮಹೀಂದ್ರ, ಎಲ್ಲವೂ ಆ ಪಟ್ಟಿಯಲ್ಲಿದ್ದವು. ಮರುವರ್ಷ ಹ್ಯುಂಡೈ ಕಂಪನಿಗೂ 420 ಕೋಟಿಗೆ ಮೇಲ್ಪಟ್ಟ ದಂಡ ಬಿತ್ತು.

ಆಯೋಗದ ತರ್ಕವನ್ನು ಪ್ರತಿಯೊಬ್ಬ ಕಾರ್ಮಿಕನೂ ತಿಳಿದುಕೊಳ್ಳಬೇಕು. ಕಾರು ಕೊಳ್ಳುವ ಮುನ್ನ ಹತ್ತು ಕಂಪನಿಗಳ ನಡುವೆ ನಾವು ಆರಿಸಬಹುದು. ಕೊಂಡಮೇಲೆ ಆ ಸ್ವಾತಂತ್ರ್ಯವಿಲ್ಲ. ಒಂದು ಕಂಪನಿಯ ಬಾಗಿಲು ಇನ್ನೊಂದರ ಕಾರಿಗೆ ಕೂರುವುದಿಲ್ಲ. ಆದ್ದರಿಂದ ಬಿಡಿಭಾಗದ ಪೇಟೆಯಲ್ಲಿ ಪ್ರತಿ ಕಂಪನಿಯೂ ತನ್ನ ಕಾರಿನ ಮಟ್ಟಿಗೆ ಏಕಸ್ವಾಮ್ಯದ ದೊರೆ. ಕೆಲವು ಭಾಗಗಳ ಬೆಲೆಯನ್ನು ಕೊಂಡ ದರದ ಮೇಲೆ ಶೇಕಡಾ ನೂರರಿಂದ ಐದು ಸಾವಿರದವರೆಗೂ ಏರಿಸಲಾಗಿತ್ತೆಂಬುದು ಆಗ ಹೊರಬಂದ ಸಂಗತಿ. ಲೆಕ್ಕ ಹಾಕಿ ನೋಡಿ. ನೂರು ರೂಪಾಯಿಯ ಮಾಲು ಇನ್ನೂರಕ್ಕೆ ಹೋದರೆ ಅದು ಶೇಕಡಾ ನೂರರ ಏರಿಕೆ. ಶೇಕಡಾ ಐದು ಸಾವಿರ ಏರಿದರೆ ಅದೇ ಮಾಲು 5,100 ರೂಪಾಯಿ! ಡಾ. ರಾಮಮನೋಹರ ಲೋಹಿಯಾ ಅವರು ‘ದಾಮ್ ಬಾಂಧೋ’, ಅಂದರೆ ಬೆಲೆಗೆ ಕಟ್ಟು ಹಾಕಿ ಎಂದು ಕರೆಕೊಟ್ಟಾಗ, ಕಾರ್ಖಾನೆಯ ಸರಕಿನ ಮಾರಾಟ ಬೆಲೆ ತಯಾರಿಕೆಯ ವೆಚ್ಚದ ಒಂದೂವರೆ ಪಟ್ಟು ಮೀರಕೂಡದೆಂದು ಹೇಳಿದ್ದರು. ಅದು ಕನಸುಗಾರನ ಮಾತೆಂದು ನಕ್ಕವರು ಈಗ ಈ ಲೆಕ್ಕಕ್ಕೆ ಏನೆನ್ನುತ್ತಾರೆ? ಏರಿದ ಬೆಲೆಯಲ್ಲಿ ಭಾಗ ಮಾಡಿದ ಕಾರ್ಮಿಕನಿಗೆ ಬಿಡಿಗಾಸೂ ಹೆಚ್ಚು ಬರಲಿಲ್ಲ. ಬೆಲೆ ಹುಟ್ಟಿದ್ದು ಬೆವರಿನಿಂದಲ್ಲ, ಬೀಗದಿಂದ.

ಆಯೋಗ ದಂಡ ಹಾಕಿ ಸುಮ್ಮನಾಗಲಿಲ್ಲ. ಭಾಗಗಳು ಮತ್ತು ಪರೀಕ್ಷಾ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕು, ಬಿಡಿಭಾಗ ತಯಾರಕರು ಬಹಿರಂಗ ಪೇಟೆಯಲ್ಲಿ ಮಾರುವುದನ್ನು ತಡೆಯಕೂಡದು, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟು ರದ್ದು ಮಾಡಕೂಡದು ಎಂದು ಆದೇಶಿಸಿತು. ಕಂಪನಿಗಳು ಮೇಲಿನ ನ್ಯಾಯಪೀಠಗಳ ಮೆಟ್ಟಿಲೇರಿದವು. ಟೊಯೋಟಾ, ಫೋರ್ಡ್, ನಿಸಾನ್ ಕಂಪನಿಗಳ ಮೇಲ್ಮನವಿಯಲ್ಲಿ 2016ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ತಪ್ಪಿನ ನಿರ್ಣಯವನ್ನು ಎತ್ತಿಹಿಡಿಯಿತು. ದಂಡವನ್ನು ಮಾತ್ರ ಇಡೀ ವಹಿವಾಟಿನ ಬದಲು ಬಿಡಿಭಾಗದ ವಹಿವಾಟಿನ ಮೇಲೆ ಲೆಕ್ಕ ಹಾಕಿ ಇಳಿಸಿತು. ವ್ಯಾಜ್ಯ ಅಲ್ಲಿಗೂ ಮುಗಿಯಲಿಲ್ಲ. ಉಳ್ಳವನಿಗೆ ವ್ಯಾಜ್ಯವೆಂದರೆ ಕಾಲ ತಳ್ಳುವ ಉಪಾಯ, ಇಲ್ಲದವನಿಗೆ ಅದು ಕಾಲ ಸವೆಯುವ ದಾರಿ.

ಇದಕ್ಕೆ ಕಂಪನಿಗಳ ಕಡೆಯ ಉತ್ತರವೂ ಇದೆ. ಅದನ್ನು ಕೇಳದೆ ತೀರ್ಪು ಕೊಡುವುದು ನಮ್ಮ ಪದ್ಧತಿಯಲ್ಲ. “ಹೊರಗಿನ ಮಾಲು ನಕಲಿ, ಅದರಿಂದ ಪ್ರಾಣಕ್ಕೆ ಅಪಾಯ” ಎನ್ನುತ್ತಾರೆ. ನಮ್ಮ ಸಂಗಾತಿಯ ಬ್ರೇಕ್ ಪ್ಯಾಡಿನ ಕಥೆ ಕೇಳಿದಮೇಲೆ ಇದು ಪೂರಾ ಸುಳ್ಳೆಂದು ಯಾರು ಹೇಳಬಲ್ಲರು? ಆದರೆ ಹೊರಗಿನ ಮಾಲೆಲ್ಲ ನಕಲಿಯಲ್ಲ. ಪೇಟೆಯಲ್ಲಿ ಐದು ಬಗೆಯ ಮಾಲುಂಟು. ಕಾರು ಕಂಪನಿಯ ಪೆಟ್ಟಿಗೆಯಲ್ಲಿ ಬರುವುದು ಒಂದು. ಅದೇ ಭಾಗವನ್ನು ಮಾಡಿದ ಕಾರ್ಖಾನೆ ತನ್ನ ಹೆಸರಿನಲ್ಲಿ ಮಾರುವುದು ಎರಡನೆಯದು. ಬೇರೆ ಕಾರ್ಖಾನೆ ತನ್ನ ಹೆಸರಿಟ್ಟು ಪ್ರಾಮಾಣಿಕವಾಗಿ ಮಾಡಿದ್ದು ಮೂರನೆಯದು. ಹಳೆಯ ಗಾಡಿಯಿಂದ ಬಿಚ್ಚಿದ ಗುಜರಿ ಮಾಲು ನಾಲ್ಕನೆಯದು. ಇನ್ನೊಬ್ಬರ ಹೆಸರು ಕದ್ದು ಮಾಡಿದ ಡೂಪ್ಲಿಕೇಟ್ ಐದನೆಯದು. ಕಂಪನಿಗಳು ಐದನೆಯದನ್ನು ತೋರಿಸಿ ಎರಡು, ಮೂರನೆಯದಕ್ಕೂ ಮಸಿ ಬಳಿಯುತ್ತವೆ. ನಕಲಿಯ ಭಯ ಹೆಚ್ಚಿದಷ್ಟೂ ಬೀಗ ಭದ್ರ. ಅಸಲಿ ದುಬಾರಿಯಾದಷ್ಟೂ ನಕಲಿಗೆ ಗಿರಾಕಿ ಹೆಚ್ಚು. ಇವೆರಡೂ ಒಂದರ ಬೆನ್ನು ಒಂದು ಕೆರೆಯುತ್ತಿವೆ.

ಇಲ್ಲಿ ಕುಳಿತಿರುವ ಸಣ್ಣ ವ್ಯಾಪಾರಿ ಮಿತ್ರರಿಗೆ ಒಂದು ನಿಷ್ಠುರದ ಮಾತು. ದೊಡ್ಡವರ ಏಕಸ್ವಾಮ್ಯವನ್ನು ಮುರಿಯಬೇಕಾದರೆ ನಮ್ಮ ತಕ್ಕಡಿ ನೆಟ್ಟಗಿರಬೇಕು. ಬಿಲ್ಲಿಲ್ಲದೆ ಮಾರುವವನು, ಗಿರಾಕಿ ಕೇಳಿದ್ದು ಒಂದು, ಕಟ್ಟಿಕೊಟ್ಟದ್ದು ಇನ್ನೊಂದು ಎನ್ನುವವನು, ತಿಳಿದೂ ತಿಳಿದೂ ಡೂಪ್ಲಿಕೇಟ್ ಇಡುವವನು ಇಡೀ ಜೆ.ಸಿ. ರಸ್ತೆಯ ಹೆಸರನ್ನು ಕಂಪನಿಗಳಿಗೆ ಒತ್ತೆ ಇಡುತ್ತಾನೆ. ತೆರಿಗೆ ಹೆಚ್ಚೆಂಬ ನೆಪವೂ ಈಗ ಸಡಿಲವಾಗಿದೆ. ಹಿಂದೆ ಅನೇಕ ಬಿಡಿಭಾಗಗಳ ಮೇಲೆ ಶೇಕಡಾ 28 ಇದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದಿದೆ. ಆ ಇಳಿಕೆ ಗಿರಾಕಿಯ ಕೈ ಸೇರಬೇಕು.

ಕೊಳ್ಳುವವರಿಗೂ ನಾಲ್ಕು ಮಾತು. ಫಿಲ್ಟರು, ವೈಪರು, ಬಲ್ಬು, ಪ್ಲಗ್ಗು, ಬ್ಯಾಟರಿ, ಇಂಥ ಸವೆಯುವ ವಸ್ತುಗಳನ್ನು ಹೆಸರಾಂತ ತಯಾರಕನ ಪೆಟ್ಟಿಗೆಯಲ್ಲಿ ಹೊರಗೆ ಕೊಳ್ಳಲು ಅಂಜಬೇಕಿಲ್ಲ. ಬ್ರೇಕು, ಸ್ಟೀರಿಂಗು, ಏರ್‌ಬ್ಯಾಗು, ಇವು ಪ್ರಾಣದ ಭಾಗಗಳು. ಇವುಗಳಲ್ಲಿ ಅಗ್ಗಕ್ಕೆ ಮರುಳಾಗಬೇಡಿ. ಡೀಲರಲ್ಲಿ ಕೊಳ್ಳಿ, ಇಲ್ಲವೆ ತಯಾರಕ ನೇಮಿಸಿದ ವಿತರಕನಲ್ಲಿ ಕೊಳ್ಳಿ. ಇವಕ್ಕೆ ಗುಜರಿ ಮಾಲು ಬೇಡವೇ ಬೇಡ. ಪೊಟ್ಟಣದ ಮೇಲೆ ತಯಾರಕನ ಹೆಸರು, ವಿಳಾಸ, ಗರಿಷ್ಠ ಬೆಲೆ ಇದೆಯೇ ನೋಡಿ. ಬಿಲ್ಲಿನಲ್ಲಿ ಭಾಗದ ಸಂಖ್ಯೆ ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಹೊರಗೆ ರಿಪೇರಿ ಮಾಡಿಸಿದ ಕಾರಣಕ್ಕೆ ವಾರಂಟಿ ಇಲ್ಲವೆಂದರೆ, ಆ ಮಾತನ್ನು ಬರವಣಿಗೆಯಲ್ಲಿ ಕೊಡಿ ಎನ್ನಿ. ಬಾಯಲ್ಲಿ ಹೆದರಿಸುವವರೆಲ್ಲ ಕಾಗದದಲ್ಲಿ ಸಹಿ ಹಾಕಲಾರರು.

ಇನ್ನು ಮುಂದಿನ ಅಪಾಯ. ಹಿಂದೆ ಬೀಗವಿದ್ದದ್ದು ಕರಾರಿನಲ್ಲಿ, ಈಗ ಅದು ಕಾರಿನೊಳಗಿನ ಕಂಪ್ಯೂಟರಿನಲ್ಲಿ ಕೂತಿದೆ. ಕೆಲವು ಭಾಗಗಳನ್ನು ಕೊಂಡು ಕೂರಿಸಿದರೂ, ಡೀಲರ ಯಂತ್ರ ಒಪ್ಪಿಗೆ ಕೊಡುವವರೆಗೆ ಗಾಡಿ ಅವನ್ನು ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಚಾಮರಾಜಪೇಟೆಯ ಮೆಕ್ಯಾನಿಕ್ ಆ ಯಂತ್ರವಿಲ್ಲದೆ ಕೈಕಟ್ಟಿ ನಿಲ್ಲುತ್ತಾನೆ. ಅವನ ವಿದ್ಯೆ ಸುಳ್ಳಾಗಿಲ್ಲ, ಅದನ್ನು ಹೊರಗಿಟ್ಟು ಬಾಗಿಲು ಹಾಕಿದ್ದಾರೆ. ಬಂಡವಾಳಶಾಹಿಯ ತವರಾದ ಅಮೆರಿಕದಲ್ಲೇ 1975ರ ಕಾನೂನು, ಭಾಗವನ್ನು ಪುಕ್ಕಟೆ ಕೊಡದ ಹೊರತು ತಮ್ಮ ಹೆಸರಿನ ಭಾಗವನ್ನೇ ಹಾಕಿಸಬೇಕೆಂಬ ವಾರಂಟಿ ಷರತ್ತಿಗೆ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಅಲ್ಲಿನ ಮಸಾಚುಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಿ, ರಿಪೇರಿಯ ಮಾಹಿತಿ ಹೊರಗಿನ ಗ್ಯಾರೇಜಿಗೂ ಸಿಗಬೇಕೆಂದು ತೀರ್ಮಾನಿಸಿದರು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿಯ ಹಕ್ಕು’ ಎಂಬ ಹೆಸರಿನಲ್ಲಿ ಸಮಿತಿ ಮಾಡಿ, ಅಂತರ್ಜಾಲದಲ್ಲಿ ಒಂದು ತಾಣವನ್ನೂ ತೆರೆಯಿತು. ತಾಣದಿಂದ ತಿಳಿವಳಿಕೆ ಬಂದೀತು. ಆದರೆ ತಿಳಿವಳಿಕೆಗೆ ಬೀಗ ತೆರೆಯುವ ಬಲ ಬರಬೇಕಾದರೆ ಕಾನೂನು ಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ರಿಪೇರಿಯ ಹಕ್ಕು ಶಾಸನವಾಗಲಿ. ಬಿಡಿಭಾಗ ತಯಾರಕನಿಗೆ ತನ್ನ ಹೆಸರಿನಲ್ಲಿ ಮಾರುವ ಸ್ವಾತಂತ್ರ್ಯವಿರಲಿ. ಪರೀಕ್ಷಾ ಯಂತ್ರ ಮತ್ತು ಮಾಹಿತಿ ನ್ಯಾಯವಾದ ಬೆಲೆಗೆ ಎಲ್ಲ ಗ್ಯಾರೇಜುಗಳಿಗೂ ದೊರೆಯಲಿ. ಮೆಕ್ಯಾನಿಕ್ಕರಿಗೆ ಅದರ ಬಳಕೆಯನ್ನು ಸರ್ಕಾರದ ಐ.ಟಿ.ಐ.ಗಳು ಸಂಜೆ ತರಗತಿಗಳಲ್ಲಿ ಕಲಿಸಲಿ. ನಕಲಿ ಮಾಲಿನ ಮೇಲೆ ದಾಳಿಯಾದಾಗ ಮೂಲೆಯ ಅಂಗಡಿಯವನನ್ನು ಹಿಡಿದು ಸುಮ್ಮನಾಗದೆ, ಅದನ್ನು ಮಾಡಿದವನವರೆಗೂ ಕೈ ಚಾಚಲಿ.

ಡೀಲರ ಅಂಗಡಿಯಲ್ಲಿ ದುಡಿಯುವ ಹುಡುಗ ನಮ್ಮ ವೈರಿಯಲ್ಲ, ಅವನೂ ನಮ್ಮಂತೆ ಸಂಬಳದ ಆಳು. ಡೀಲರನ ಮಾಲೋ ಪೇಟೆಯ ಮಾಲೋ ಎಂಬುದು ಮೇಲುಮೇಲಿನ ಜಗಳ. ಎರಡು ಕಡೆಯೂ ಅಸಲಿ ಮಾಲು ನ್ಯಾಯವಾದ ಬೆಲೆಗೆ ಸಿಕ್ಕರೆ ಎಲ್ಲಿ ಕೊಂಡರೇನು? ನಮ್ಮ ದುಡ್ಡಿನಿಂದ ಕೊಂಡ ಗಾಡಿಯ ಬೀಗದ ಕೈ ನಮ್ಮ ಬಳಿ ಇರಬೇಕು. ಇಷ್ಟು ಕೇಳುವುದು ಕ್ರಾಂತಿಯೇನಲ್ಲ. ಆದರೆ ಇಷ್ಟನ್ನಾದರೂ ಕೂಡಿ ಕೇಳದವರು ದೊಡ್ಡದನ್ನು ಎಂದೂ ಕೇಳಲಾರರು. ಚಾಲಕರು, ಮೆಕ್ಯಾನಿಕ್ಕರು, ಅಂಗಡಿಯವರು ಬೇರೆ ಬೇರೆಯಾಗಿ ಗೊಣಗುವುದನ್ನು ಬಿಟ್ಟು ಒಂದೇ ಮನವಿಗೆ ಸಹಿ ಹಾಕಲಿ. ಆ ಕಾಗದ ಇಲ್ಲಿ ಮೇಜಿನ ಮೇಲಿದೆ. ಹೋಗುವ ಮುನ್ನ ನಿಮ್ಮ ಹೆಸರು ಬರೆದು ಹೋಗಿ.